ಮುಲುಂಡ್ ‘ಶುಹುಂದ್’ ಆದಾಗ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಮಕ್ಕಳಿಗೆ ಭಾನುವಾರ ಪೈಥಾನ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಈಗ ಗುಪ್ತಲಿಪಿಯ ಪಾಠ ನಡೆಯುತ್ತಿದೆ. ಶುರು ಜೂಲಿಯಸ್ ಸೀಸರನಿಂದ: ಪ್ರತಿ ಅಕ್ಷರವನ್ನೂ ಮೂರು ಮನೆ ಮುಂದಕ್ಕೆ ಸರಿಸಿ ಬರೆಯುವುದು. ಇಂಗ್ಲಿಷಿನಲ್ಲಿ ಮಾಡಿಸಿದರೆ ಮಕ್ಕಳು 26 ಅಂತ ಹಾಕಿ, ನೆಟ್‌ನಲ್ಲಿ ಸಿಕ್ಕ ಕೋಡ್ ಇಳಿಸಿ ಮುಗಿಸಿಬಿಡುತ್ತಾರೆ. ಅದಕ್ಕೇ ಕನ್ನಡದಲ್ಲೇ ಮಾಡಿ ಎನ್ನುತ್ತೇನೆ. ಪದಗಳು ಅವರಿಗೆ ಬಾಯಿಪಾಠವಾಗಿರುವ ಮುಂಬೈ ಲೋಕಲ್ ರೈಲಿನ ಸ್ಟೇಷನ್‌ಗಳು.

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ದಾದರ್ ತಗೊಂಡಳು. ಅಕ್ಷರದ ಯೂನಿಕೋಡ್ ಸಂಖ್ಯೆಗೆ (ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆ) 3 ಕೂಡಿಸಿದಳು. ಸ್ಕ್ರೀನ್ ಮೇಲೆ ಖಾಲಿ ಚೌಕ ಬಂತು! ‘ದ’ ಅಂದರೆ 3238. ಆದರೆ 3241ರಲ್ಲಿ ಕನ್ನಡದ ಅಕ್ಷರವೇ ಇಲ್ಲ. ಯೂನಿಕೋಡ್‌ನಲ್ಲಿ ನಮ್ಮ ದೇಶದ ಮುಖ್ಯ ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಿದ್ದಾರೆ. ತಮಿಳಿನ ಇನ್ನೊಂದು ‘ನ’ ಕೂತಿರುವ ಮನೆ ನಮ್ಮಲ್ಲಿ ಖಾಲಿ. ಹಾಗಾಗಿ ‘ಕ’ದಿಂದ ‘ಳ’ವರೆಗೆ 34 ವ್ಯಂಜನಗಳ ಲಿಸ್ಟನ್ನು ಮಕ್ಕಳೇ ಟೈಪ್ ಮಾಡಿದರು. ‘ಳ’ ಆದಮೇಲೆ ಮತ್ತೆ ‘ಕ’. ಕೂಡಿಸಿದ್ದನ್ನು 34ರಿಂದ ಭಾಗಿಸಿ ಶೇಷ ಯಾಕೆ ತಗೋಬೇಕು ಅಂತ ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ದಾದರ್ ‘ಪಾಪಶ್’ ಆಯಿತು. ಕಲ್ಯಾಣ್ ‘ಘಷ್ವಾದ್’, ಠಾಣೆ ‘ಣಾದೆ’.

ಆಮೇಲೆ ಒಡೆಯುವ ಕೆಲಸ. ಕೀಲಿ, ಅಂದರೆ ಈ ಸಲ ಎಷ್ಟು ಮನೆ ಸರಿಸಿದ್ದೇನೆ ಅನ್ನುವುದನ್ನು, ಹೇಳದೆ ಬೋರ್ಡ್ ಮೇಲೆ ‘ಶುಹುಂದ್’ ಅಂತ ಬರೆದೆ. 33 ಕೀಲಿಗಳನ್ನೂ ಒಂದಾದಮೇಲೊಂದು ಲೂಪ್‌ನಲ್ಲಿ ಓಡಿಸಿ ನೋಡಿ ಅನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ‘ಟೀಚರ್, ಮುಲುಂಡ್!’ ಅಂತ ಕೂಗು ಬಂತು. ವ್ಯಂಜನ ಬದಲಾಗಿದೆ, ಆದರೆ ಎರಡು ಕೊಂಬು, ಒಂದು ಸೊನ್ನೆ, ಕೊನೆಯ ಅರ್ಧಾಕ್ಷರ ಇದ್ದಲ್ಲೇ ಇವೆ ಅಲ್ವಾ? ಆ ಹುಡುಗ ಕೀಲಿ ಹುಡುಕಲೇ ಇಲ್ಲ, ಪದದ ಆಕಾರ ಓದಿದ. ನನಗೆ ತುಂಬಾ ಖುಷಿಯಾಯಿತು. ಇಂಗ್ಲಿಷ್ ಉದಾಹರಣೆಯಲ್ಲಿ ಸ್ವರಗಳೂ ಸರಿದುಹೋಗುವುದರಿಂದ ಈ ದಾರಿ ಕಾಣುವುದೇ ಇಲ್ಲ. ಕೂಡಲೇ ಮಕ್ಕಳು ಗುಣಿತಚಿಹ್ನೆಗಳಿಗೂ ಬೇರೆ ಲಿಸ್ಟ್, ಬೇರೆ ಕೀಲಿ ಮಾಡಿದರು.

ಈಗ ವ್ಯಂಜನಗಳ ಲಿಸ್ಟನ್ನು ಸರಿಸುವ ಬದಲು ಸುಮ್ನೆ ಕಲಸಿಬಿಟ್ಟಿದ್ದೇವೆ. ಹಾಗೆ ಕಲಸುವ ಬಗೆಗಳು ಎಷ್ಟು ಜಾಸ್ತಿ ಅಂದರೆ ಲೂಪ್ ಓಡಿಸಿ ಪ್ರಯೋಜನವಿಲ್ಲ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿ ತೋರಿಸಿದ ಉಪಾಯವೇ ಬೇಕು: ಯಾವ ಅಕ್ಷರ ಎಷ್ಟು ಸಲ ಬಂದಿದೆ ಅಂತ ಎಣಿಸಿ, ಮಾಮೂಲಿ ಬರಹದ ಎಣಿಕೆಯ ಜೊತೆ ಹೋಲಿಸುವುದು. ಮುಂದಿನ ವಾರಕ್ಕೆ ಪ್ರತಿಯೊಬ್ಬರೂ ಕನ್ನಡ ಪತ್ರಿಕೆಯ ಒಂದು ಸುದ್ದಿ ಟೈಪ್ ಮಾಡಿ ತರಬೇಕು. ‘ಙ’, ‘ಞ’ ಸಿಗುವುದು ಅಪರೂಪ. ಮೇಲಿನ ಐದು ಸ್ಥಾನ ಯಾವುದಕ್ಕೆ ಅನ್ನುವುದನ್ನು ಅವರ ಪ್ರೋಗ್ರಾಮೇ ಎಣಿಸಿ ಹೇಳಲಿ.