ಬಿಸಿಲಿನ ಬದಿಯ ಬಸ್ ಸ್ಟಾಪು

ಬರ್ಲಿನ್‌ಗೆ ಬಂದ ಹೊಸದರಲ್ಲಿ ಇಲ್ಲಿನ ಸಾಲುಮರಗಳಿಗೆ ಮರುಳಾಗಿದ್ದೆ. ಊರಿನ ಬೀದಿಗಳಲ್ಲೇ 4 ಲಕ್ಷಕ್ಕೂ ಜಾಸ್ತಿ ಮರಗಳಿವೆ. ಎಲ್ಲದಕ್ಕೂ ಲೆಕ್ಕ ಇಟ್ಟಿದ್ದಾರೆ. ಇನ್ನೇನು ಬೇಕು ಅಂದುಕೊಂಡಿದ್ದೆ. ಅದೆಲ್ಲ ಮೊದಲ ಬೇಸಿಗೆ ಬರುವ ತನಕ.

ನಮ್ಮ ಬೀದಿ ಪೂರ್ವ-ಪಶ್ಚಿಮವಾಗಿದೆ. ಸೂರ್ಯ ಇಲ್ಲಿ ಯಾವತ್ತೂ ನೆತ್ತಿಗೆ ಬರುವುದಿಲ್ಲ, ಜೂನ್ ಮಧ್ಯಾಹ್ನವೂ ದಕ್ಷಿಣಕ್ಕೇ ವಾಲಿಕೊಂಡಿರುತ್ತಾನೆ. ಹಾಗಾಗಿ ದಕ್ಷಿಣ ಬದಿಯ ಫುಟ್‌ಪಾತಿಗೆ ಐದಂತಸ್ತಿನ ಮನೆಗಳದೇ ನೆರಳು. ಲಿಂಡೆನ್ ಮರಗಳ ಸಾಲೂ ಅಲ್ಲೇ! ಬಸ್ ಸ್ಟಾಪು ಮಾತ್ರ ಎದುರು ಬದಿಯಲ್ಲಿ. ಅಲ್ಲಿ ಒಂದು ಮರವೂ ಇಲ್ಲ. ಜುಲೈ ಬಿಸಿಲಿಗೆ ಜನ ದೀಪದ ಕಂಬದ ನೆರಳಲ್ಲಿ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಮೂರು ಜನಕ್ಕೆ ಆಗುವಷ್ಟು ನೆರಳು. ಅದು ಸರಿದಂತೆ ಅವರೂ ಸರಿಯುತ್ತಾರೆ. ನಾನು ಸಾಮಾನ್ಯವಾಗಿ ನಾಲ್ಕನೆಯವ.

2021ರಲ್ಲಿ ಸೆಸಿಲ್ ಕೊನೈನೆಂಡೈಕ್ ಎಂಬ ತಜ್ಞರು 3-30-300 ಅಂತ ಒಂದು ಸೂತ್ರ ಕೊಟ್ಟರು. ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ. 30ರಷ್ಟು ಜಾಗದ ಮೇಲೆ ಮರಗಳ ಹೊದಿಕೆ ಇರಬೇಕು, 300 ಮೀಟರಿನೊಳಗೆ ಪಾರ್ಕು ಸಿಗಬೇಕು. ಒಳ್ಳೆಯ ಸೂತ್ರವೇ. ನಮ್ಮ ಅಡುಗೆಮನೆ ಕಿಟಕಿಯಿಂದ 7 ಮರ ಕಾಣುತ್ತವೆ, ಮೊದಲನೆಯದರಲ್ಲಿ ನಾನು ಪಾಸು. ಆದರೆ ಅಡುಗೆಮನೆಯಲ್ಲಿ ನಿಂತು ಯಾರೂ ಬಸ್ಸಿಗೆ ಕಾಯುವುದಿಲ್ಲ, ಅಲ್ವಾ?

ಸ್ಟಾಪಿನ ಹತ್ತಿರ ಎರಡು ಮರ ನೆಡಿ ಅಂತ ಕೆಲವರು ಸೇರಿ ಅರ್ಜಿ ಹಾಕಿದೆವು. ಕೆಳಗೆ ಗ್ಯಾಸು, ನೀರು, ಕೇಬಲ್ಲು ಇವೆ, ಬೇರಿಗೆ ಜಾಗವಿಲ್ಲ ಅಂತ ಉತ್ತರ ಬಂತು. ಹಾಗಾದರೆ ಪಕ್ಕದ ಪಾರ್ಕಿಂಗಿನಲ್ಲಿ ಒಂದು ಕಾರಿನ ಜಾಗ ಬಿಟ್ಟುಕೊಡೋಣ ಅಂದೆ. ಅಂದದ್ದೇ ತಪ್ಪಾಯ್ತು. ಲಿಂಡೆನ್ ಎಲೆಗಳಲ್ಲಿ ಗಿಡಹೇನು ಕೂತು ಸಿಹಿ ಅಂಟು ಸುರಿಸುತ್ತವೆ, ಕೆಳಗೆ ನಿಂತ ಕಾರೆಲ್ಲ ಜಿಗಿಜಿಗಿ. ಮೊದಲ ಮಹಡಿಯವರಿಗೆ ಮನೆ ಕತ್ತಲಾಗುತ್ತದೆ ಅನ್ನುವ ಚಿಂತೆ. ಅವರದ್ದೂ ಸುಳ್ಳಲ್ಲ, ಚಳಿಗಾಲದಲ್ಲಿ ಇಲ್ಲಿ ನಾಲ್ಕು ಗಂಟೆಗೇ ಸಂಜೆಯಾಗುತ್ತದೆ. ಆದರೆ ಆಗ ಲಿಂಡೆನ್‌ನಲ್ಲಿ ಎಲೆಯೇ ಇರುವುದಿಲ್ಲವಲ್ಲ! ಒಟ್ಟಿನಲ್ಲಿ ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಸದ್ಯಕ್ಕೆ ಇರುವ ಮರಗಳನ್ನು ಉಳಿಸಿಕೊಳ್ಳುವುದೇ ಕೆಲಸ. ಅದಕ್ಕೆ 2020ರಿಂದ 'ಗೀಸ್ ಡೆನ್ ಕೀಟ್ಸ್' ಅಂತ ಒಂದು ವೆಬ್‌ಸೈಟ್ ಇದೆ, 'ಕೇರಿಗೆ ನೀರು ಹಾಕಿ' ಅಂತ ಅರ್ಥ. ನಕ್ಷೆಯಲ್ಲಿ ಮರ ಮುಟ್ಟಿದರೆ ಅದರ ಜಾತಿ, ಕಳೆದ 30 ದಿನ ಬಿದ್ದ ಮಳೆ ಎಲ್ಲ ತೋರಿಸುತ್ತದೆ. ಬೇಕಾದ ಮರವನ್ನು ದತ್ತು ತಗೊಂಡು ನೀರು ಹಾಕಬಹುದು. ನನ್ನದು ಕಿಟಕಿಯಿಂದ ಕಾಣುವ ನಾಲ್ಕನೇ ಮರ. ಬೀದಿ ಮೂಲೆಯ ಹಳೇ ಕೈಪಂಪಿನಲ್ಲಿ ನೀರು ಹೊಡೆದು ಬಕೆಟ್ಟಿನಲ್ಲಿ ತಂದು ಪಾತಿಗೆ ಸುರಿಯುತ್ತೇನೆ.

ಮೇಲಿನ ಮನೆಯ ಅಜ್ಜಿ ಈಗ ಅದೇ ಮರದ ಕೆಳಗೆ ನಿಂತು ಬಸ್ಸಿಗೆ ಕಾಯುತ್ತಾರೆ. ತಿರುವಿನಲ್ಲಿ ಬಸ್ಸು ಕಂಡ ಕೂಡಲೇ ಕೋಲೂರಿಕೊಂಡು ರಸ್ತೆ ದಾಟುತ್ತಾರೆ. ಡ್ರೈವರಿಗೂ ಗೊತ್ತು, ಕಾಯುತ್ತಾನೆ.