ಹುತವೋ, ಹೂತವೋ?

ಕಾಲೇಜಿನ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಕೇಳಿದಾಗ ಮೊದಲು ಕಣ್ಣಿಗೆ ಕಟ್ಟಿದ್ದು, ಭಾಷಾವಿಜ್ಞಾನದ ತರಗತಿಯಲ್ಲಿ ನಮ್ಮ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆದ ಎರಡು ಸಂಸ್ಕೃತ ಪದಗಳು: ಹುತ, ಹೂತ. ಇಂಗ್ಲಿಷಿನ 'ಗಾಡ್' ಪದಕ್ಕೆ ಇವೆರಡರಲ್ಲಿ ಯಾವುದು ಒಡಹುಟ್ಟು ಎಂಬುದೇ ಅಂದಿನ ಪ್ರಶ್ನೆ.

ಇಂಗ್ಲಿಷಿನ 'ಗಾಡ್' ಎಂಬ ಪದವು 'ಒಳ್ಳೆಯದು' ಎಂಬರ್ಥದ 'ಗುಡ್'ನಿಂದ ಬಂದಿರಬೇಕೆಂದು ನಮ್ಮಲ್ಲಿ ಹಲವರು ನಂಬಿದ್ದೆವು. ಅವೆರಡಕ್ಕೂ ನಂಟಿಲ್ಲವೆಂದು ಮೇಷ್ಟ್ರು ಮೊದಲಿಗೇ ಹೇಳಿ, ಇಂಗ್ಲಿಷ್, ಜರ್ಮನ್ ಮತ್ತು ಅವುಗಳ ಅಳಿದುಹೋದ ಸೋದರಭಾಷೆ ಗೋಥಿಕ್‌ನ ರೂಪಗಳನ್ನು ಒಂದರ ಕೆಳಗೊಂದು ಬರೆದು, ಅವುಗಳ ಮೂಲವಾಗಿ, ಆ ಭಾಷೆಗಳ ಸಮಾನ ಪೂರ್ವಜವಾದ ಆದಿ ಜರ್ಮಾನಿಕ್‌ನ *ಗುಡಂ ಎಂಬ ರೂಪವನ್ನು ಇಟ್ಟರು. ಯಾವ ಬರಹದಲ್ಲೂ ಸಿಗದೆ, ಹೋಲಿಕೆಯಿಂದಷ್ಟೇ ಕಟ್ಟಿಕೊಂಡ ರೂಪ ಎಂಬುದಕ್ಕೆ ಆ ನಕ್ಷತ್ರಚಿಹ್ನೆ. ಪದವು ಮೊದಲು ನಪುಂಸಕಲಿಂಗದಲ್ಲಿದ್ದು, ಕ್ರೈಸ್ತಮತ ಹರಡಿದ ಮೇಲೆ ಪುಲ್ಲಿಂಗವಾಯಿತು.

ಸಂಸ್ಕೃತದ 'ಹ'ಕಾರಕ್ಕೆ ಜರ್ಮಾನಿಕ್ ಭಾಷೆಗಳಲ್ಲಿ 'ಗ'ಕಾರ ನಿಲ್ಲುವುದನ್ನು ನಮ್ಮ 'ಹಂಸ' ಮತ್ತು ಬಾತುಕೋಳಿಯನ್ನು ಹೋಲುವ ಹಕ್ಕಿಗೆ ಜರ್ಮನರು ಹೇಳುವ 'ಗಾನ್ಸ್' ಎಂಬ ಜೋಡಿಯಿಂದ ತೋರಿಸಿದರು. 'ತ'ಕಾರ 'ಥ'ವಾಗಬೇಕಿದ್ದಲ್ಲಿ 'ಡ' ಆದದ್ದೇಕೆಂಬುದಕ್ಕೆ 1877ರಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್ ಪ್ರಕಟಿಸಿದ ನಿಯಮವಿದೆ: ಹಿಂದಿನ ಸ್ವರದ ಮೇಲೆ ಆಘಾತ, ಅಂದರೆ ಉಚ್ಚಾರಣೆಯ ಒತ್ತು, ಇಲ್ಲದಿದ್ದರೆ ಧ್ವನಿ ಘೋಷವಾಗುತ್ತದೆ, ಅಂದರೆ ಗಂಟಲಿನ ನಾದ ಕೂಡಿಕೊಳ್ಳುತ್ತದೆ. ವೇದದ 'ಹುತ' ಶಬ್ದದಲ್ಲಿ ಉದಾತ್ತವು, ಅಂದರೆ ಏರುದನಿಯ ಆಘಾತವು, ಕೊನೆಯ ಅಕ್ಷರದ ಮೇಲೇ ಇದೆ. ಎರಡು ಸಾವಿರ ವರ್ಷಗಳ ಹಿಂದಿನ ಉತ್ತರ ಯುರೋಪಿನ ಉಚ್ಚಾರಣೆಗೆ ವೇದಪಾಠದ ಸ್ವರ ಸಾಕ್ಷಿ ನುಡಿಯುವುದನ್ನು ಕೇಳಿ ನನಗೆ ಮೈ ಜುಮ್ಮೆಂದಿತು.

ಉಳಿದದ್ದು ಮಾತ್ರೆಯ ಪ್ರಶ್ನೆ. ಹ್ರಸ್ವವಾದರೆ 'ಹುತ', ಅಂದರೆ ಹೋಮದಲ್ಲಿ ಸುರಿದದ್ದು, ನಮ್ಮ ಆಹುತಿಯ ಧಾತು. ದೀರ್ಘವಾದರೆ 'ಹೂತ', ಕರೆಯಲ್ಪಟ್ಟವನು, ನಮ್ಮ ಆಹ್ವಾನದ ಧಾತು. ಋಗ್ವೇದವು ಇಂದ್ರನನ್ನು 'ಪುರುಹೂತ' ಎಂದು ಕರೆಯುವುದರಿಂದ ಅರ್ಥಕ್ಕೆ ಎರಡನೆಯದೇ ಹಿತ. ಆದರೆ ಜರ್ಮಾನಿಕ್ ಪದದ ಉಕಾರ ಹ್ರಸ್ವ. ಆಘಾತಕ್ಕೆ ಮುಂಚಿನ ದೀರ್ಘವು ಪಶ್ಚಿಮದ ಭಾಷೆಗಳಲ್ಲಿ ಕುಗ್ಗಿರಬಹುದೆಂದು, 'ವೀರ'ಕ್ಕೆ ಲ್ಯಾಟಿನ್ನಿನ 'ವಿರ್' ಎಂಬ ಹ್ರಸ್ವರೂಪವನ್ನು ಮುಂದಿಟ್ಟು ವಾದಿಸುವವರೂ ಇದ್ದಾರೆ. ಮೇಷ್ಟ್ರು ತೀರ್ಪು ಕೊಡಲಿಲ್ಲ. ನಾನಂತೂ ಅಂದಿನಿಂದ ಆಹುತಿಯ ಪಕ್ಷದವನು. ಕಣ್ಣಿಗೆ ಕಾಣುವ ಮಾತ್ರೆಯನ್ನು ಬಿಟ್ಟು ಹಿತವಾದ ಅರ್ಥದ ಹಿಂದೆ ಹೋಗಲು ಮನಸ್ಸೊಪ್ಪುವುದಿಲ್ಲ.

ಬಹಳ ವರ್ಷಗಳ ಬಳಿಕ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ನೇರಳೆ ಬಣ್ಣದ ಚರ್ಮದ ಹಾಳೆಗಳ ಮೇಲೆ ಬೆಳ್ಳಿಯ ಮಸಿಯಲ್ಲಿ ಬರೆದ 6ನೆಯ ಶತಮಾನದ ಗೋಥಿಕ್ ಬೈಬಲ್ಲಿನ ಮುಂದೆ ನಿಂತಿದ್ದೆ. ಆ ಪ್ರತಿಯಲ್ಲಿ ದೇವರ ಹೆಸರನ್ನು ಪವಿತ್ರವೆಂದು ಸಂಕ್ಷೇಪಿಸಿ, ಮೇಲೊಂದು ಗೆರೆ ಎಳೆದು, 'ಗ್' ಮತ್ತು 'ಥ್' ಎರಡೇ ಅಕ್ಷರಗಳಲ್ಲಿ ಬರೆಯುತ್ತಾರೆ. ನಾವು ಇಡೀ ತರಗತಿ ಜಗಳವಾಡಿದ ಆ ಉಕಾರ ಅಲ್ಲಿರುವುದಿಲ್ಲ.