ಮಾರ್ಚ್‌ನಲ್ಲಿ ಬಾಸ್ ಮೀನು ಹಿಡಿಯೋಕೆ ಯಾವ ಲ್ಯೂರ್ ತಗೊಳ್ಳಲಿ?

ಫೆಬ್ರುವರಿ ಮುಗಿಯುತ್ತಾ ಬಂದರೆ ಸಾಕು, ನನ್ನ ಫೋನಿಗೆ ಇದೊಂದೇ ಪ್ರಶ್ನೆ. (ಲ್ಯೂರ್ ಅಂದರೆ ಮೀನಿಗೆ ಆಸೆ ತೋರಿಸಲು ಗಾಳದ ದಾರಕ್ಕೆ ಕಟ್ಟುವ ನಕಲಿ ತಿಂಡಿ.) ಕೇಳುವವರು ಹೆಚ್ಚಾಗಿ ಇಲ್ಲೇ ನಾರ್ತ್ ಕ್ಯಾರೊಲಿನಾದ ಏಪೆಕ್ಸ್, ಕೇರಿ ಕಡೆಯ ನಮ್ಮ ಕನ್ನಡದವರು. (ಹೌದು, ಆ ಊರಿನ ಹೆಸರೇ ಕೇರಿ.) "ಗುರು, ಜೋರ್ಡನ್ ಲೇಕಿಗೆ ಹೊರಟಿದ್ದೀನಿ. ಅಂಗಡಿಯಲ್ಲಿ ಗೋಡೆ ತುಂಬಾ ಲ್ಯೂರ್ ನೇತಾಡ್ತಿವೆ. ಯಾವುದು ತಗೊಳ್ಳಲಿ?"

ನಾನು ಹೇಳೋದು: ಮೊದಲು ಒಂದು ಥರ್ಮಾಮೀಟರ್ ತಗೊಳ್ಳಿ.

ತಮಾಷೆ ಅಲ್ಲ. ಒಂದು ಲ್ಯೂರಿನ ದುಡ್ಡಿಗೇ ಬರುತ್ತದೆ. ದಾರ ಕಟ್ಟಿ ದಡದಿಂದ ನೀರಿಗೆ ಬಿಟ್ಟು, ಎರಡು ನಿಮಿಷ ಬಿಟ್ಟು ಎಳೆದುಕೊಳ್ಳಿ. ಮೀನಿನ ರಕ್ತಕ್ಕೆ ಸ್ವಂತ ಬಿಸಿ ಇಲ್ಲ. ನೀರು ತಣ್ಣಗಿದ್ದರೆ ಅದರ ಮೈಯೂ ತಣ್ಣಗೆ, ಹೊಟ್ಟೆಯೂ ನಿಧಾನ. ಎದುರಿಗೆ ಓಡುವ ತಿಂಡಿಯನ್ನು ಅಟ್ಟಿಸಿಕೊಂಡು ಹೋಗುವ ಮನಸ್ಸೇ ಅದಕ್ಕಿರುವುದಿಲ್ಲ. ಹಾಗಾಗಿ 47 ಡಿಗ್ರಿ ಫ್ಯಾರನ್‌ಹೀಟ್ ನೀರಿಗೂ 57 ಡಿಗ್ರಿ ನೀರಿಗೂ ಉತ್ತರ ಬೇರೆ ಬೇರೆ.

50ಕ್ಕಿಂತ ಕಡಿಮೆ ಇದ್ದರೆ ಜರ್ಕ್‌ಬೈಟ್. ಉದ್ದನೆಯ ಪುಟ್ಟ ಮೀನಿನಂತೆ ಇರುತ್ತದೆ. ಡಬ್ಬಿಯ ಮೇಲೆ 'ಸಸ್ಪೆಂಡಿಂಗ್' ಅಂತ ಬರೆದಿರುವುದನ್ನೇ ನೋಡಿ ತಗೊಳ್ಳಿ. ಅದು ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ, ನಡುನೀರಿನಲ್ಲಿ ನಿಲ್ಲುತ್ತದೆ. ಕೋಲನ್ನು ಎರಡು ಸಲ ಜಗ್ಗಿ, ನಿಲ್ಲಿಸಿ. ಎಷ್ಟು ಹೊತ್ತು ಅಂತ ಕೇಳಬೇಡಿ. ಎರಡರ ಮಗ್ಗಿ ಪೂರ್ತಿ ಹೇಳಿ ಮುಗಿಸಿ, ಆಮೇಲೆ ಜಗ್ಗಿ.

ಇದನ್ನು ಕಲಿತದ್ದು ಬುದ್ಧಿಯಿಂದಲ್ಲ. ನನ್ನ ಮೊದಲ ಮಾರ್ಚ್‌ನಲ್ಲಿ ಗಾಳ ಎಸೆದ ರಭಸಕ್ಕೆ ರೀಲಿನಲ್ಲಿ ದಾರವೆಲ್ಲ ಗಂಟು ಬಿತ್ತು. ಬೈದುಕೊಂಡು ಗಂಟು ಬಿಡಿಸುತ್ತಾ ಕೂತೆ. ಲ್ಯೂರ್ ನೀರಿನಲ್ಲಿ ಸುಮ್ನೆ ನಿಂತಿತ್ತು. ಗಂಟು ಬಿಡಿಸಿ ದಾರ ಎಳೆದರೆ ಆ ಕಡೆ ಮೀನು! ಬೆಳಿಗ್ಗೆಯಿಂದ ನಾನು ಬೆವರು ಸುರಿಸಿ ರೀಲ್ ಸುತ್ತಿದ್ದೆಲ್ಲ ದಂಡ. ಇನ್ನೊಂದು ಮಾತು: ಚಳಿನೀರಿನ ಬಾಸ್ ಹೊಡೆಯುವುದಿಲ್ಲ, ಸುಮ್ಮನೆ ಬಾಯಿಗೆ ಹಾಕಿಕೊಳ್ಳುತ್ತದೆ. ದಾರ ಸ್ವಲ್ಪ ಭಾರ ಅನ್ನಿಸುತ್ತದೆ, ಅಷ್ಟೇ. ಎಲೆ ಸಿಕ್ಕಿದೆ ಅಂತ ಬಿಟ್ಟುಬಿಡಬೇಡಿ.

50 ದಾಟಿತು ಅಂದರೆ ನನ್ನ ಇಷ್ಟದ ಸಮಯ. ಆಗ ಕ್ರ್ಯಾಂಕ್‌ಬೈಟ್, ಅಂದರೆ ಎಳೆದಾಗ ನೀರಿನೊಳಗೆ ಇಳಿದು ಅಲುಗಾಡುತ್ತಾ ಬರುವ ಲ್ಯೂರ್. ಚಳಿನೀರಿಗೆ ಜಾಸ್ತಿ ಒದ್ದಾಡದೆ ಬಿಗಿಯಾಗಿ ಅಲುಗಾಡುವಂಥದ್ದು ಬೇಕು. ರಾಪಲಾ ಕಂಪನಿಯ ಶ್ಯಾಡ್ ರ್‍ಯಾಪ್ ನನ್ನ ಡಬ್ಬಿಯಲ್ಲಿ ಯಾವಾಗಲೂ ಇರುತ್ತದೆ. ಬಾಲ್ಸಾ ಮರದಿಂದ ಮಾಡಿದ್ದು, ತುಂಬಾ ಹಗುರ. ಗಾಳಿ ಬೀಸಿದರೆ ದೂರ ಹೋಗಲ್ಲ, ಅದೊಂದೇ ಕಷ್ಟ.

ಎಲ್ಲಿ ಎಸೆಯಬೇಕು? ದೋಣಿ ಇಲ್ಲದ ನಮ್ಮಂಥವರಿಗೆ ಸೇತುವೆ ಪಕ್ಕದ ಕಲ್ಲುಗಳೇ ಗತಿ. ಜೋರ್ಡನ್ ಲೇಕ್ ಅಣೆಕಟ್ಟಿನ ಕೆರೆ, ಸುಮಾರು 14,000 ಎಕರೆ. ರಸ್ತೆಗಳು ಅದನ್ನು ದಾಟುವ ಕಡೆ ಮಣ್ಣು ಕೊಚ್ಚಿಹೋಗದಿರಲಿ ಅಂತ ದೊಡ್ಡ ಕಲ್ಲು ಸುರಿದಿದ್ದಾರೆ. ಆ ಕಲ್ಲು ಬಿಸಿಲು ಹೀರುತ್ತದೆ, ಸಂದಿಯಲ್ಲಿ ಕ್ರಾಫಿಶ್ ಇರುತ್ತವೆ. ಸಿಗಡಿಗೂ ಏಡಿಗೂ ನಡುವಿನ ಹಾಗೆ ಕಾಣುವ ಪ್ರಾಣಿ ಅದು, ಬಾಸ್‌ಗೆ ಬಲು ಪ್ರೀತಿ. ಲ್ಯೂರ್ ಕಲ್ಲಿಗೆ ಟಕ್ ಅಂತ ತಾಗಬೇಕು. ತಾಗದಿದ್ದರೆ ದಡಕ್ಕೆ ಇನ್ನೂ ಹತ್ತಿರ ಎಸೆಯಿರಿ. ಹೌದು, ಒಂದೆರಡು ಕಲ್ಲಿಗೆ ಸಿಕ್ಕಿ ಹೋಗುತ್ತವೆ.

ಮತ್ತೆ, ದಯವಿಟ್ಟು ಬೆಳಗಿನ ಜಾವ ಹೋಗಬೇಡಿ. ಬೇಸಿಗೆಯ ಅಭ್ಯಾಸ ಅದು. ಮಾರ್ಚ್‌ನಲ್ಲಿ ಮಧ್ಯಾಹ್ನ ಊಟ ಮುಗಿಸಿಕೊಂಡು ಎರಡು ಗಂಟೆಗೆ ಹೊರಡಿ. ಕೆರೆಯ ಉತ್ತರದ ದಡಕ್ಕೆ ದಕ್ಷಿಣದ ಬಿಸಿಲು ನೇರ ಬೀಳುತ್ತದೆ, ಉತ್ತರದ ಚಳಿಗಾಳಿಯೂ ತಟ್ಟುವುದಿಲ್ಲ. ಬೆಳಿಗ್ಗೆಗೂ ಸಂಜೆಗೂ ಅಲ್ಲಿ ಕೆಲವು ಡಿಗ್ರಿ ವ್ಯತ್ಯಾಸ ಆಗುತ್ತದೆ. ಮೀನಿಗೆ ಅಷ್ಟು ಸಾಕು.

ಬಣ್ಣದ ವಿಚಾರಕ್ಕೆ ನನ್ನ ಹತ್ತಿರ ತಾಳ್ಮೆ ಕಡಿಮೆ. ವಸಂತ ಬಂದರೆ ಕೆಂಪು ಅಂತ ಎಲ್ಲರೂ ಹೇಳುತ್ತಾರೆ, ಕ್ರಾಫಿಶ್ ಕೆಂಪಗಿರುತ್ತದೆ ಅಂತ. ಇಲ್ಲಿನ ಕಲ್ಲು ಎತ್ತಿ ನಾನು ನೋಡಿದ ಹೆಚ್ಚಿನವು ಕಂದು ಬಣ್ಣದವು. ಆದರೂ ಕೆಂಪಿಗೆ ಮೀನು ಬಿದ್ದಿದೆ, ಸುಳ್ಳು ಹೇಳಲ್ಲ. ಒಂದು ಕೆಂಪು, ಒಂದು ಬೆಳ್ಳಿ ಬಣ್ಣ ಇಟ್ಟುಕೊಂಡರೆ ಸಾಕು. ಮಳೆ ಬಂದು ಹಾ ನದಿಯ ಕೆಸರು ಕೆರೆಗೆ ಇಳಿದಿದ್ದರೆ ಮಾತ್ರ ಲೆಕ್ಕ ಬದಲು. ಆಗ ಮೀನಿಗೆ ಕಣ್ಣಿಗಿಂತ ಮೈಪಕ್ಕದ ಗೆರೆಯೇ ದಾರಿ, ನೀರಿನ ಅದುರುವಿಕೆ ಅದಕ್ಕೆ ಅಲ್ಲಿ ಗೊತ್ತಾಗುತ್ತದೆ. ಅಗಲವಾದ ಗುಂಡು ರೆಕ್ಕೆ ತಿರುಗುವ ಸ್ಪಿನ್ನರ್‌ಬೈಟ್ ಹಾಕಿ, ರೆಕ್ಕೆ ತಿರುಗುವಷ್ಟೇ ನಿಧಾನಕ್ಕೆ ಎಳೆಯಿರಿ.

ಯುಗಾದಿ ಆಸುಪಾಸಿನಲ್ಲಿ ಕಾರಿನ ಮೇಲೆ ಪೈನ್ ಮರದ ಹಳದಿ ಪುಡಿ ಕೂರುತ್ತದಲ್ವಾ, ಆಗ ನೀರು 60 ಮುಟ್ಟುತ್ತಿರುತ್ತದೆ. ಬಾಸ್ ಮೊಟ್ಟೆ ಇಡಲು ಮೊಣಕಾಲುದ್ದದ ನೀರಿಗೆ ಬರಲು ಶುರು ಮಾಡುತ್ತದೆ. ಅಲ್ಲಿಗೆ ಪ್ಲಾಸ್ಟಿಕ್ ಹುಳು ಸಾಕು, ಮಕ್ಕಳೂ ಹಿಡಿಯುತ್ತಾರೆ. ಮೊಟ್ಟೆ ಕಾಯುವುದು ಗಂಡು. ಗೂಡಿನ ಮೇಲಿಂದ ಸಿಕ್ಕಿದ್ದನ್ನು ಫೋಟೋಗೆ ಜಾಸ್ತಿ ಹೊತ್ತು ಹಿಡಿದುಕೊಳ್ಳಬೇಡಿ. ಗಂಡು ಆಚೆ ಇದ್ದಷ್ಟು ಹೊತ್ತೂ ಬೇರೆ ಮೀನುಗಳು ಮೊಟ್ಟೆ ತಿನ್ನುತ್ತಿರುತ್ತವೆ.

ಇದಾದ ಮೇಲೆ ಬರುವ ಎರಡನೇ ಪ್ರಶ್ನೆ: "ಸಾರು ಮಾಡ್ತೀರಾ?" ಇಲ್ಲ. ಬಾಸ್ ಮೈಯಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಬಸುರಿಯರು, ಮಕ್ಕಳು ಇದನ್ನು ತಿನ್ನಬಾರದು ಅಂತ ಈ ರಾಜ್ಯದ ಆರೋಗ್ಯ ಇಲಾಖೆಯೇ ಹೇಳುತ್ತದೆ. ಸಾರಿನ ಆಸೆ ಇದ್ದರೆ ಅದೇ ಕೆರೆಯಲ್ಲಿ ಕ್ರ್ಯಾಪಿ ಅನ್ನೋ ಮೀನು ಇದೆ. ಅದಕ್ಕೆ ಪುಟ್ಟ ಗಾಳ, ಜೀವಂತ ಮರಿಮೀನು ಎರೆ. ಲೈಸೆನ್ಸ್ ಮಾತ್ರ ಎರಡಕ್ಕೂ ಬೇಕು, ಮನೆಯಲ್ಲೇ ಮರೆತು ಬರಬೇಡಿ.